ಅಲಗಿನ ಮೈ: ಮದರಾಸು ಸೀಮೆಯಲ್ಲಿ ಉಕ್ಕಿನ ಪದರ ತೆಗೆದು ಮೆರುಗು ಕೊಟ್ಟ ಇತಿಹಾಸ

ಅಡುಗೆಮನೆಯ ಚಾಕುವಾಗಲಿ, ಸೊಂಟಕ್ಕೆ ಸಿಕ್ಕಿಸುವ ಕಠಾರಿಯಾಗಲಿ, ಯುದ್ಧದ ಕತ್ತಿಯಾಗಲಿ, ಅದರ ಅಲಗಿನ ಮೇಲೆ ಕಾಲಕ್ರಮದಲ್ಲಿ ಹಲವು ಪದರಗಳು ಕೂಡಿಕೊಳ್ಳುತ್ತವೆ. ಕುಲುಮೆಯಲ್ಲಿ ಕೆಂಪಗೆ ಕಾದ ಉಕ್ಕು ಗಾಳಿಯೊಡನೆ ಕೂಡಿ ಕಟ್ಟುವ ಕಪ್ಪು ಹೊಪ್ಪಳೆ ಮೊದಲನೆಯದು. ತಯಾರಿಸಿದವನು ಅಂದಕ್ಕೋ ರಕ್ಷಣೆಗೋ ಬೇಕೆಂದೇ ಕೊಡುವ ಲೇಪ ಎರಡನೆಯದು. ತೇವದಿಂದ ಹಿಡಿಯುವ ತುಕ್ಕು ಮೂರನೆಯದು. ಬಳಸಿದವರು, ಪೂಜಿಸಿದವರು, ಕಾಪಾಡಿದವರು ಬಿಟ್ಟುಹೋಗುವ ಎಣ್ಣೆ, ಕುಂಕುಮ, ಮೆರುಗೆಣ್ಣೆಗಳು ನಾಲ್ಕನೆಯವು. ಈ ಪದರಗಳನ್ನು ಕಳಚಿ, ಒಂದೇ ದಿಕ್ಕಿನಲ್ಲಿ ಸಾಗುವ ಅತಿ ಸಣ್ಣ ಗೀರುಗಳನ್ನು ಸಮನಾಗಿ ಮೂಡಿಸಿದರೆ, ಕನ್ನಡಿಯಂತೆ ಮುಖ ತೋರಿಸದೆ ಬೆಳಕನ್ನು ಮೃದುವಾಗಿ ಚದುರಿಸುವ ಮಂದ ಹೊಳಪು ಉಕ್ಕಿಗೆ ಬರುತ್ತದೆ. ಇಂದಿನ ಚಾಕು ತಯಾರಕರು ಇದನ್ನೇ ಸ್ಯಾಟಿನ್ ಮೆರುಗು ಎನ್ನುತ್ತಾರೆ. ಇಂದಿನ ಚೆನ್ನೈ, ಅಂದರೆ ಹಿಂದಿನ ಮದರಾಸು, ಈ ಕೆಲಸದ ಇತಿಹಾಸವನ್ನು ಅರಿಯಲು ತಕ್ಕ ಸ್ಥಳ. ಉಕ್ಕು, ಅದನ್ನು ಉಜ್ಜುವ ಕಲ್ಲು, ಆಯುಧಗಳ ದೊಡ್ಡ ಸಂಗ್ರಹ, ಅವುಗಳ ತುಕ್ಕು ಬಿಡಿಸಿದ ಪ್ರಯೋಗಾಲಯ, ಕೊನೆಗೆ ಉಜ್ಜುಸಾಮಗ್ರಿಯ ಕಾರ್ಖಾನೆ, ಇವೆಲ್ಲವೂ ಇದೊಂದೇ ನಗರದ ಸುತ್ತ ಸೇರಿವೆ. ಪದರ ಕಳಚುವ ಬಗೆ ಎಲ್ಲ ಕಾಲದವರಿಗೂ ತಿಳಿದಿತ್ತು. ಯಾವ ಪದರವನ್ನು ಉಳಿಸಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬ ವಿವೇಕ ಮಾತ್ರ ಬಹಳ ತಡವಾಗಿ, ಬಹಳಷ್ಟು ಕಳೆದುಕೊಂಡ ಮೇಲೆ ಬಂದಿತು ಎಂಬುದನ್ನು ಈ ಇತಿಹಾಸ ತೋರಿಸಿಕೊಡುತ್ತದೆ.

ಮೂಲವಸ್ತುವಾದ ಉಕ್ಕು ಮದರಾಸಿನ ಹಿನ್ನಾಡಿನದು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮಧುಗಿರಿಯ ಸುತ್ತಿನ ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬಣ್ಣಿಸಿದ್ದಾನೆ. ಮೆದು ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳೊಡನೆ ಸಣ್ಣ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಜೇಡಿಮಣ್ಣಿನಿಂದ ಮುಚ್ಚಿ, ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಲಿನ ಬೆಂಕಿಯಲ್ಲಿ ಹೂತು ತಿದಿ ಒತ್ತುತ್ತಿದ್ದರು; ಸಸ್ಯದ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕರಗಿ, ಮೂಸೆಯ ತಳದಲ್ಲಿ ಗಟ್ಟಿಯಾದ ಉಕ್ಕಿನ ಉಂಡೆಯಾಗಿ ಉಳಿಯುತ್ತಿತ್ತು. ಸೇಲಂ ಸೀಮೆಯಲ್ಲಿಯೂ ಇದೇ ಕ್ರಮ ನಡೆಯುತ್ತಿತ್ತು. ಅಲ್ಲಿ ತಂಗಡಿಯ ಜೊತೆಗೆ ಎಕ್ಕದ ಎಲೆಯನ್ನೂ ಹಾಕುತ್ತಿದ್ದರು. ಈ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇಕಡಾ 1.5ರಷ್ಟಿದ್ದು, ನಿಧಾನವಾಗಿ ತಣಿಯುವಾಗ ಕಬ್ಬಿಣ ಮತ್ತು ಇಂಗಾಲ ಸೇರಿದ ಅತಿ ಗಡುಸಾದ ಕಾರ್ಬೈಡ್ ಕಣಗಳು ಒಳಗೆ ಹುಟ್ಟುತ್ತಿದ್ದವು. ಕಡಿಮೆ ಶಾಖದಲ್ಲಿ ತಾಳ್ಮೆಯಿಂದ ಬಡಿದು ಅಲಗನ್ನು ನೀಳಮಾಡಿದಾಗ ಆ ಕಣಗಳು ಸಾಲುಸಾಲಾಗಿ ಜೋಡಣೆಗೊಳ್ಳುತ್ತಿದ್ದವು, ಅಲಗಿನ ಮುಂದಿನ ಚೆಲುವಿಗೆ ಆ ಸಾಲುಗಳೇ ಆಧಾರವಾಗುತ್ತಿದ್ದವು.

ಬಡಿದು ಮುಗಿಸಿದ ಅಲಗು ಕಪ್ಪಾಗಿ, ಒರಟಾಗಿರುತ್ತದೆ. ಹೊಪ್ಪಳೆಯನ್ನು ಅರದಿಂದ ಕೆರೆದು, ಮೇಲ್ಮೈಯನ್ನು ಸಮಮಾಡಿ, ಹದ ಕೊಟ್ಟ ಮೇಲೆ ಅದು ಕಮ್ಮಾರನ ಕೈಯಿಂದ ಸಾಣೆಯವನ ಕೈಗೆ ಹೋಗುತ್ತಿತ್ತು. ಸಾಣೆಯ ಸಾಮಗ್ರಿಯೂ ಈ ನೆಲದ್ದೇ ಆಗಿತ್ತು. ವಜ್ರದ ನಂತರದ ಗಡಸುತನವುಳ್ಳ ಕುರಂದದ ಕಲ್ಲು, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ನೈಸರ್ಗಿಕ ಹರಳು, ಸೇಲಂ ಜಿಲ್ಲೆಯಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಹೇರಳವಾಗಿ ದೊರೆಯುತ್ತಿತ್ತು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಕಲ್ಲನ್ನು ಕುರಿತು ಪ್ರಬಂಧ ಮಂಡಿಸಿದನು, 1898ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಟಿ. ಎಚ್. ಹಾಲೆಂಡ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದನು. ಕುರಂದವನ್ನು ಕುಟ್ಟಿ, ಜರಡಿ ಹಿಡಿದು, ಕರಗಿಸಿದ ಅರಗಿನೊಡನೆ ಕಲಸಿ ಗಾಲಿಯಾಕಾರಕ್ಕೆ ಎರಕ ಹೊಯ್ದರೆ ಸಾಣೆಗಾಲಿ ಸಿದ್ಧವಾಗುತ್ತಿತ್ತು. ಒಬ್ಬನು ಹಗ್ಗ ಅಥವಾ ತೊಗಲಿನ ಪಟ್ಟಿಯನ್ನು ಎಳೆದೆಳೆದು ಗಾಲಿಯನ್ನು ತಿರುಗಿಸುತ್ತಿದ್ದರೆ ಇನ್ನೊಬ್ಬನು ಅಲಗನ್ನು ಒತ್ತಿ ಹಿಡಿಯುತ್ತಿದ್ದನು. ದಪ್ಪ ಪುಡಿಯ ಗಾಲಿಯಿಂದ ಸಣ್ಣ ಪುಡಿಯ ಗಾಲಿಗೆ, ಅಲ್ಲಿಂದ ಎಣ್ಣೆಯಲ್ಲಿ ಕಲಸಿದ ನುಣುಪು ಪುಡಿಯನ್ನು ಬಟ್ಟೆಗೋ ಮರಕ್ಕೋ ಹಚ್ಚಿ ಕೈಯಿಂದ ತಿಕ್ಕುವ ಹಂತಕ್ಕೆ ಕೆಲಸ ಸಾಗುತ್ತಿತ್ತು. ಪ್ರತಿ ಹಂತದ ಗೀರುಗಳು ಹಿಂದಿನ ಹಂತದ ಗೀರುಗಳನ್ನು ಪೂರ್ತಿಯಾಗಿ ಅಳಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕೆಂಬ ನಿಯಮ ಇಂದಿನ ಸ್ಯಾಟಿನ್ ಮೆರುಗಿಗೂ ಹಾಗೆಯೇ ಅನ್ವಯಿಸುತ್ತದೆ.

ಮೆರುಗು ಬಂದ ಮೇಲೆಯೂ ಮೂಸೆಯುಕ್ಕಿನ ಅಲಗಿನ ಕೆಲಸ ಮುಗಿಯುತ್ತಿರಲಿಲ್ಲ. ಹಳ್ಳಿಯ ಔಷಧದ ಡಬ್ಬಿಯಲ್ಲೂ ಇರುತ್ತಿದ್ದ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ನೀರಿನಲ್ಲಿ ಕದಡಿ ಅಲಗಿಗೆ ಹಚ್ಚಿದರೆ, ಅದು ಉಕ್ಕಿನ ಮೆದು ಭಾಗವನ್ನು ತುಸುವೇ ತಿಂದು ಕಪ್ಪಾಗಿಸುತ್ತಿತ್ತು. ಗಡುಸು ಕಾರ್ಬೈಡಿನ ಸಾಲುಗಳು ಮಾತ್ರ ಬೆಳ್ಳಗೆ ಉಳಿದು, ಮೈಯೆಲ್ಲ ಅಲೆಅಲೆಯಾದ ವಿನ್ಯಾಸ ಮೂಡುತ್ತಿತ್ತು. ಈ ಅಲೆ ಬಣ್ಣ ಬಳಿದು ಬರೆದದ್ದಾಗಿರದೆ ಉಕ್ಕಿನ ಒಳರಚನೆಯೇ ಆಗಿರುವುದರಿಂದ, ತುಕ್ಕು ತೆಗೆಯುವಾಗ ಅಳಿಸಿಹೋದರೂ ಮತ್ತೆ ಅನ್ನಭೇದಿ ಹಚ್ಚಿ ಅದನ್ನು ಮರಳಿ ತರಬಹುದು. ಚಿನ್ನದ ಕೆಲಸದ ಮಾತು ಬೇರೆ. ಅಲಗಿನ ಅಥವಾ ಹಿಡಿಯ ಉಕ್ಕಿನ ಮೇಲೆ ಹರಿತವಾದ ಉಳಿಯಿಂದ ಅಡ್ಡಡ್ಡ ಗೀರುಗಳನ್ನು ಒತ್ತೊತ್ತಾಗಿ ಎಳೆದು, ಆ ಒರಟಿಗೆ ಚಿನ್ನದ ಎಳೆಯನ್ನು ಬಡಿದು ಕೂರಿಸುವ ಕೋಫ್ತಗಾರಿ ಎಂಬ ಅಲಂಕಾರದಲ್ಲಿ ಚಿನ್ನದ ದಪ್ಪ ಕಾಗದಕ್ಕಿಂತಲೂ ಕಡಿಮೆ. ಎಮರಿ ಎಂಬ ಉಜ್ಜುಪುಡಿಯನ್ನು ಹಚ್ಚಿ ಜೋರಾಗಿ ಉಜ್ಜಿದ ಅಲಗಿನಲ್ಲಿ ಆ ಚಿನ್ನ ಒಮ್ಮೆ ಹೋದರೆ ಮರಳಿ ಬಾರದು. ಹಿಂದೆ ಅಲ್ಲಿ ಹೂಬಳ್ಳಿಯೋ ಹೆಸರೋ ಇತ್ತೆಂಬುದಕ್ಕೆ ಬುಡದ ಬಲೆಗೀರುಗಳಷ್ಟೇ ಸಾಕ್ಷಿಯಾಗಿ ಉಳಿಯುತ್ತವೆ.

ಈ ಉಕ್ಕಿನ ಮೈಯನ್ನು ಓದುವ ಹಂಬಲ ಯುರೋಪಿನ ಲೋಹವಿಜ್ಞಾನವನ್ನೇ ಮುಂದಕ್ಕೆ ತಳ್ಳಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಭಾರತದ ಉಕ್ಕಿನ ಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸಿದನು; ಅವನಿಗೆ ನೆರವಾದ ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದೇ ಉಕ್ಕಿನಿಂದ ಸಣ್ಣ ಚಾಕುಗಳನ್ನು ಮಾಡಿದನು. ಮೈಕೆಲ್ ಫ್ಯಾರಡೆ 1819ರಲ್ಲಿ ಈ ಉಕ್ಕನ್ನು ವಿಶ್ಲೇಷಿಸಿ, ಸ್ಟೋಡಾರ್ಟ್‌ನೊಡನೆ 1820 ಮತ್ತು 1822ರಲ್ಲಿ ಮಿಶ್ರ ಉಕ್ಕುಗಳ ಮೇಲಿನ ಪ್ರಬಂಧಗಳನ್ನು ಹೊರತಂದನು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಜೋಸಯ್ಯ ಮಾರ್ಷಲ್ ಹೀತ್ ಕೆಲಸ ಬಿಟ್ಟು 1830ರಲ್ಲಿ ಪರಂಗಿಪೇಟೆಯಲ್ಲಿ ಸೇಲಂ ಅದಿರಿನ ಕಬ್ಬಿಣದ ಕಾರ್ಖಾನೆ ಆರಂಭಿಸಿದನು, 1839ರಲ್ಲಿ ಉಕ್ಕಿಗೆ ಮ್ಯಾಂಗನೀಸ್ ಸೇರಿಸುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದನು. ಇತ್ತ ಸೇಲಂನಲ್ಲಿಯೇ ಅರುಣಾಚಲಂ ಎಂಬ ಕುಶಲಕರ್ಮಿ ಬೇಟೆಯ ಚಾಕು ಮತ್ತು ಹಂದಿಬೇಟೆಯ ಈಟಿಗಳಿಗೆ ಹೆಸರಾಗಿ, ಬ್ರಿಟಿಷ್ ಬೇಟೆಗಾರರೆಲ್ಲ ಅವನ ಅಲಗುಗಳನ್ನು ಅರಸಿ ಕೊಳ್ಳುವಂತಾಯಿತು.

ಕತ್ತಿಯ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು ತಂಜಾವೂರಿನಲ್ಲಿ. ವಿಜಯನಗರದ ಅಧೀನದಲ್ಲಿ 1532ರ ಸುಮಾರಿಗೆ ಸೇವಪ್ಪ ನಾಯಕನಿಂದ ಆರಂಭವಾದ ನಾಯಕರ ಆಳ್ವಿಕೆ 1673ರವರೆಗೆ ನಡೆಯಿತು. ಅನಂತರ ಬೆಂಗಳೂರಿನಲ್ಲಿ ತಂದೆ ಶಹಾಜಿಯ ಜಹಗೀರನ್ನು ನೋಡಿಕೊಳ್ಳುತ್ತಿದ್ದ ಏಕೋಜಿ ತಂಜಾವೂರನ್ನು ಹಿಡಿದು ಮರಾಠ ವಂಶವನ್ನು ನೆಲೆಗೊಳಿಸಿದನು. ಈ ಎರಡು ವಂಶಗಳು ಸೇರಿ ಕೂಡಿಹಾಕಿದ ಅರಮನೆಯ ಆಯುಧಶಾಲೆ ದಕ್ಷಿಣ ಭಾರತದ ಅತ್ಯಂತ ಶ್ರೀಮಂತ ಸಂಗ್ರಹಗಳಲ್ಲಿ ಒಂದಾಗಿತ್ತು. ವಿಜಯನಗರದ ಶಿಲ್ಪಗಳಲ್ಲಿ ಕಾಣುವ ಯಾಳಿ, ಗಿಳಿ, ಕೀರ್ತಿಮುಖಗಳು ಇಲ್ಲಿನ ಕಠಾರಿ ಮತ್ತು ಅಂಕುಶಗಳಲ್ಲಿ ಉಕ್ಕಿನಲ್ಲೇ ಕೆತ್ತಲ್ಪಟ್ಟಿದ್ದವು. ಕೊನೆಯ ರಾಜ ಎರಡನೆಯ ಶಿವಾಜಿ 1855ರ ಅಕ್ಟೋಬರಿನಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ರಾಜ್ಯದೊಡನೆ ಅರಮನೆಯ ಸ್ವತ್ತನ್ನೂ ವಶಪಡಿಸಿಕೊಂಡಿತು; ರಾಣಿ ಕಾಮಾಕ್ಷಿಬಾಯಿ ಹೂಡಿದ ದಾವೆಯಲ್ಲಿ, ಈ ವಶವು ಪ್ರಭುತ್ವದ ಕೃತ್ಯವಾದ್ದರಿಂದ ನ್ಯಾಯಾಲಯ ಅದನ್ನು ವಿಚಾರಿಸಲಾರದೆಂದು 1859ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

1857ರ ದಂಗೆಯ ನೆನಪು ಹಸಿಯಾಗಿದ್ದ ಆ ವರ್ಷಗಳಲ್ಲಿ, ದೇಶೀಯ ಅರಮನೆಯೊಂದರ ಆಯುಧರಾಶಿ ಸರ್ಕಾರದ ಕಣ್ಣಿಗೆ ಕಲೆಯಾಗಿ ಕಾಣುವುದಕ್ಕಿಂತ ಅಪಾಯವಾಗಿ ಮತ್ತು ಹಳೆಯ ಲೋಹವಾಗಿ ಕಂಡಿತು. 1860ರ ದಶಕದಲ್ಲಿ ತಂಜಾವೂರಿನ ಆಯುಧಗಳಲ್ಲಿ ಆಯ್ದ ಒಂದು ಭಾಗ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿತು. ಬಹುಭಾಗವನ್ನು ಮುರಿದು ಗುಜರಿ ಲೋಹವಾಗಿ ಮಾಡಲಾಯಿತು. 1851ರಲ್ಲಿ ಎಡ್ವರ್ಡ್ ಬಾಲ್ಫೋರನ ಮೇಲ್ವಿಚಾರಣೆಯಲ್ಲಿ ಆರಂಭವಾಗಿ, 1854ರಲ್ಲಿ ಎಗ್ಮೋರಿನ ಪ್ಯಾಂಥಿಯನ್ ಕಟ್ಟಡಕ್ಕೆ ಸ್ಥಳಾಂತರಗೊಂಡಿದ್ದ ಆ ವಸ್ತುಸಂಗ್ರಹಾಲಯ ಇಲ್ಲದಿದ್ದರೆ ಉಳಿದ ಭಾಗಕ್ಕೂ ಇದೇ ಗತಿ ಬರುತ್ತಿತ್ತು. ವಿನಾಶದಿಂದ ತಪ್ಪಿಸಿಕೊಂಡ ಇನ್ನು ಕೆಲವು ವಸ್ತುಗಳು ಮಾರಾಟಗೊಂಡು ಕೈಯಿಂದ ಕೈಗೆ ದಾಟಿ ಹೊರದೇಶಗಳನ್ನು ಸೇರಿದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ತಂಜಾವೂರಿನ ಕಠಾರಿಗಳಲ್ಲಿ ಹಲವು ಜಾರ್ಜ್ ಕ್ಯಾಮೆರಾನ್ ಸ್ಟೋನ್ ಎಂಬ ಸಂಗ್ರಾಹಕನ 1935ರ ಉಯಿಲಿನ ಮೂಲಕ ಅಲ್ಲಿಗೆ ಬಂದಂಥವು. ಸಾವಿರಾರು ಅಲಗುಗಳು ಕರಗಿಹೋದ ಆ ಘಟನೆ ದಕ್ಷಿಣದ ಲೋಹಕಲೆಗೆ ಆದ ತುಂಬಲಾರದ ನಷ್ಟವೆಂದು ನಿಸ್ಸಂಕೋಚವಾಗಿ ಹೇಳಬೇಕು.

ಉಳಿದುಬಂದ ಒಂದು ತಂಜಾವೂರಿನ ಕಠಾರಿಯನ್ನು ಹತ್ತಿರದಿಂದ ಗಮನಿಸಿದರೆ, ಅದರ ಮೈಯ ಪ್ರತಿ ಅಂಗುಲವೂ ಏಕೆ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. ಮುಷ್ಟಿಯಲ್ಲಿ ಅಡ್ಡಲಾಗಿ ಹಿಡಿಯುವ ಹಿಡಿ, ಬೆರಳುಗಳನ್ನು ಕಾಯುವ ಕೆತ್ತನೆಯ ಗುರಾಣಿಫಲಕ ಇವೆರಡೂ ಇಲ್ಲಿನ ಕೆಲಸಗಾರರವು; ಅಲಗು ಮಾತ್ರ ಎಷ್ಟೋ ಸಲ ಯುರೋಪಿನಿಂದ ಹಡಗಿನಲ್ಲಿ ಬಂದ ಉದ್ದ ಕತ್ತಿಯನ್ನು ಕತ್ತರಿಸಿ, ಹಿಡಿಯಿಂದ ಚಾಚಿದ ಉಕ್ಕಿನ ಪಟ್ಟಿಗಳ ನಡುವೆ ಮೊಳೆ ಹೊಡೆದು ಕೂಡಿಸಿದ್ದು. ಇಂಥ ಅಲಗುಗಳ ನಡುವೆ ಉದ್ದಕ್ಕೂ ತೋಡಿದ ಕಾಲುವೆಗಳಲ್ಲಿ ಆಂದ್ರೇಯಾ ಫೆರಾರಾ ಎಂಬ ಹೆಸರೋ, ಓಡುವ ತೋಳದ ಗುರುತೋ, ಹಲ್ಲುಹಲ್ಲಾದ ಅರ್ಧಚಂದ್ರದ ಮುದ್ರೆಯೋ ಕಾಣುತ್ತವೆ. ಯುರೋಪಿನಲ್ಲೇ ಈ ಹೆಸರುಗಳ ನಕಲು ನಡೆಯುತ್ತಿತ್ತು, ಭಾರತದ ಕಮ್ಮಾರರೂ ಅವನ್ನು ತಮ್ಮ ಅಲಗುಗಳ ಮೇಲೆ ಒತ್ತುತ್ತಿದ್ದರು. ಆದ್ದರಿಂದ ಒಂದು ಅಲಗು ಜರ್ಮನಿಯ ಜೋಲಿಂಗೆನ್‌ನಿಂದ ಬಂದದ್ದೋ ಕಾವೇರಿ ತೀರದಲ್ಲಿ ತಯಾರಾದದ್ದೋ ಎಂಬುದನ್ನು ತೀರ್ಮಾನಿಸಲು ಮುದ್ರೆಯ ಅಂಚು ಎಷ್ಟು ಹರಿತವಾಗಿದೆ, ಗೆರೆ ಎಷ್ಟು ಆಳವಾಗಿದೆ ಎಂಬ ಸಣ್ಣ ವಿವರಗಳೇ ಆಧಾರ. ಹಿಂದಿನ ಕಾಲದಲ್ಲಿ ಎಮರಿ ಹಚ್ಚಿ ಉಜ್ಜಿದ ಅಲಗುಗಳಲ್ಲಿ ಎತ್ತರದ ಏಣುಗಳು ಸವೆದು ದುಂಡಗಾಗಿರುತ್ತವೆ. ಸಾಣೆಗಾಲಿಯಾಗಲಿ ಉಜ್ಜುವ ಹಲಗೆಯಾಗಲಿ ಇಳಿಯಲಾರದ ಕಾಲುವೆಯ ತಳದಲ್ಲಿ ಮಾತ್ರ ಮೂಲ ಮೈ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೂಲ ಸಾಣೆಯ ಗೀರುಗಳು ಒಂದೇ ಲಯದಲ್ಲಿ ಸಾಗುವುದು, ನಂತರದವರ ಅವಸರದ ಗೀರುಗಳು ಅವನ್ನು ಅಡ್ಡಾದಿಡ್ಡಿಯಾಗಿ ದಾಟುವುದು ಬೇರೆಬೇರೆಯಾಗಿ ಕಾಣುತ್ತದೆ.

ಆಯುಧಶಾಲೆಯ ಹೊರಗೆ, ಮದರಾಸಿನ ಬಂಗಲೆಗಳ ಅಡುಗೆಮನೆಗಳಲ್ಲಿಯೂ ಪದರ ತೆಗೆಯುವ ಕೆಲಸ ದಿನನಿತ್ಯ ನಡೆಯುತ್ತಿತ್ತು. ಊಟದ ಮೇಜಿನ ಚಾಕುಗಳು ಸಾದಾ ಇಂಗಾಲದ ಉಕ್ಕಿನವಾಗಿದ್ದ ಕಾಲದಲ್ಲಿ, ನಿಂಬೆ, ಹುಣಸೆ, ವಿನಿಗರ್ ಸೋಕಿದ ಒಡನೆ ಅಲಗು ಕಪ್ಪಿಡುತ್ತಿತ್ತು; ಮದರಾಸಿನಲ್ಲಿ ಮೇಟಿ ಎಂದು ಕರೆಯುತ್ತಿದ್ದ ಸಹಾಯಕ ಆಳು ಪಾತ್ರೆ ದೀಪಗಳ ಜೊತೆಗೆ ಆ ಚಾಕುಗಳನ್ನೂ ಉಜ್ಜಿ ಬೆಳಗಿಸಬೇಕಾಗಿತ್ತು. ಹಲಗೆಯ ಮೇಲೆ ಇಟ್ಟಿಗೆಪುಡಿ ಹರಡಿ, ಅಲಗನ್ನು ಚಪ್ಪಟೆಯಾಗಿ ಇಟ್ಟು ಹಿಂದಕ್ಕೂ ಮುಂದಕ್ಕೂ ತಿಕ್ಕುವ ಈ ಕೆಲಸ ಎಷ್ಟು ನಿರಂತರವಾಗಿತ್ತೆಂದರೆ, ಅಗಲವಾಗಿದ್ದ ಅಲಗುಗಳು ವರ್ಷಗಳಲ್ಲಿ ಸವೆದು ಸಣಕಲಾಗುತ್ತಿದ್ದವು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ಕಲೆಯಾಗದ ಉಕ್ಕನ್ನು ರೂಪಿಸಿದ ಮೇಲೆ, ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪದರವೇ ಉಕ್ಕನ್ನು ಕಾಯತೊಡಗಿತು. ಮುಂದೆ ಎವರ್‌ಸಿಲ್ವರ್ ಎಂಬ ಹೆಸರಿನಲ್ಲಿ ತಮಿಳುನಾಡಿನ ಮನೆಮನೆಯನ್ನು ಹೊಕ್ಕ ಆ ಲೋಹ, 1981ರಲ್ಲಿ ಆರಂಭವಾದ ಸೇಲಂ ಉಕ್ಕಿನ ಸ್ಥಾವರದ ಮೂಲಕ ಹಳೆಯ ಮೂಸೆಯುಕ್ಕಿನ ಸೀಮೆಯಲ್ಲಿಯೇ ತಯಾರಾಗತೊಡಗಿತು.

ತುಕ್ಕು ತೆಗೆಯುವುದು ಒಂದು ಶಾಸ್ತ್ರವಾಗಿ ಬೆಳೆದದ್ದು ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ. ತಂಜಾವೂರಿನ ಆಯುಧಗಳಲ್ಲದೆ, ನೀಲಗಿರಿಯ ಕಲ್ಲುಸಮಾಧಿಗಳಿಂದ ಜೆ. ಡಬ್ಲ್ಯೂ. ಬ್ರೀಕ್ಸ್ ಸಂಗ್ರಹಿಸಿದ ಕಬ್ಬಿಣದ ಈಟಿ ಚಾಕುಗಳೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡರ್ ರೀ ತಾಮ್ರಪರ್ಣಿ ತೀರದ ಆದಿಚ್ಚನಲ್ಲೂರಿನ ಶವದ ಮಡಕೆಗಳ ನಡುವೆ ಅಗೆದು ತೆಗೆದ ಕಬ್ಬಿಣದ ಕತ್ತಿಗಳೂ, ರಾಬರ್ಟ್ ಬ್ರೂಸ್ ಫೂಟ್ ದಶಕಗಳ ಕಾಲ ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಕೂಡಿಸಿ 1904ರಲ್ಲಿ ಮಾರಿದ ಪ್ರಾಚೀನ ವಸ್ತುಗಳೂ ಅಲ್ಲಿ ಸೇರಿದವು. ಕಡಲ ಉಪ್ಪುಗಾಳಿ ಬೀಸುವ, ವರ್ಷದ ಬಹುಭಾಗ ತೇವ ಆರದ ನಗರದಲ್ಲಿ ಕಬ್ಬಿಣವನ್ನು ಕಾಯುವುದು ಕಷ್ಟದ ಕೆಲಸ. ಲೋಹದ ಒಳಸೇರಿದ ಕ್ಲೋರೈಡ್ ಲವಣ ಗಾಳಿಯ ತೇವವನ್ನು ಎಳೆದುಕೊಂಡು, ಮೇಲೆ ಶುದ್ಧವಾಗಿ ಕಾಣುವ ಅಲಗಿನಲ್ಲಿಯೂ ಕಂದು ಹನಿಗಳು ಒಸರುವಂತೆ ಮಾಡುತ್ತದೆ. ಲವಣ ಹೋಗುವ ತನಕ ಮೇಲಿನ ತುಕ್ಕನ್ನು ಎಷ್ಟು ಸಲ ಉಜ್ಜಿದರೂ ಅದು ಮರುಕಳಿಸುತ್ತಲೇ ಇರುತ್ತದೆ.

ಎಫ್. ಎಚ್. ಗ್ರೇವ್ಲಿ ಅಧೀಕ್ಷಕರಾಗಿದ್ದ ಅವಧಿಯಲ್ಲಿ, 1930ರ ಸುಮಾರಿಗೆ, ವಸ್ತುಸಂಗ್ರಹಾಲಯದಲ್ಲಿ ರಸಾಯನ ಸಂರಕ್ಷಣಾ ಪ್ರಯೋಗಾಲಯ ನೆಲೆಗೊಂಡಿತು, ಎಸ್. ಪರಮಶಿವನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಕಂಚಿನ ವಿಗ್ರಹಗಳ ಕಿಲುಬನ್ನು ವಿದ್ಯುತ್ತಿನಿಂದ ಬಿಡಿಸುವ ವಿಧಾನದ ಮೇಲೆ ಕೆಲಸ ಮಾಡಿದರು. ಕಬ್ಬಿಣಕ್ಕೂ ಅನ್ವಯಿಸುವ ಇದರ ತತ್ವ ಸರಳವಾದದ್ದು. ಕಾಸ್ಟಿಕ್ ಸೋಡಾದ ತಿಳಿಯಾದ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ, ಅದನ್ನು ವಿದ್ಯುತ್ತಿನ ಋಣಧ್ರುವಕ್ಕೂ ಸುತ್ತಲಿನ ಉಕ್ಕಿನ ತಗಡನ್ನು ಧನಧ್ರುವಕ್ಕೂ ಜೋಡಿಸಿ ಕಡಿಮೆ ಪ್ರಮಾಣದ ವಿದ್ಯುತ್ತನ್ನು ಹರಿಸಿದರೆ, ವಸ್ತುವಿನ ಮೈಮೇಲೆ ಹುಟ್ಟುವ ಜಲಜನಕದ ಗುಳ್ಳೆಗಳು ಪದರವನ್ನು ಸಡಿಲಿಸುತ್ತವೆ, ಕ್ಲೋರೈಡ್ ಲವಣಗಳು ಲೋಹದಿಂದ ಹೊರಟು ದ್ರಾವಣಕ್ಕೆ ಇಳಿಯುತ್ತವೆ. ಉಜ್ಜುವ ಕಲ್ಲು ಲೋಹವನ್ನೂ ತುಕ್ಕನ್ನೂ ಒಟ್ಟಿಗೆ ತಿನ್ನುತ್ತದೆ. ಈ ವಿಧಾನದಲ್ಲಿ ಗಟ್ಟಿಯಾಗಿ ಉಳಿದ ಲೋಹಕ್ಕೆ ಸವೆತವಿಲ್ಲ. ಆದರೆ ಕಬ್ಬಿಣಯುಗದ ಅಲಗುಗಳಲ್ಲಿ ಎಷ್ಟೋ ಸಲ ಲೋಹವೆಂಬುದು ಏನೂ ಉಳಿದಿರದೆ, ಕತ್ತಿಯ ಆಕಾರವೇ ಪೂರ್ತಿಯಾಗಿ ತುಕ್ಕಿನೊಳಗೆ ಅಡಗಿರುತ್ತದೆ. ಆ ತುಕ್ಕಿನಲ್ಲಿ ಒರೆಯ ಮರದ ನಾರೋ ಹೊದಿಸಿದ ಬಟ್ಟೆಯ ನೇಯ್ಗೆಯೋ ಅಚ್ಚೊತ್ತಿರಬಹುದು. ಅಂಥ ವಸ್ತುವಿನಿಂದ ತುಕ್ಕನ್ನು ತೆಗೆದುಹಾಕಿದರೆ ವಸ್ತುವೇ ಇಲ್ಲವಾಗುತ್ತದೆ. ಈ ಅರಿವು ಬಲಿತಂತೆ ಸಂರಕ್ಷಕರು ಪೂರ್ತಿಯಾಗಿ ಕಳಚುವುದನ್ನು ಬಿಟ್ಟು, ತುಕ್ಕನ್ನು ಟ್ಯಾನಿಕ್ ಆಮ್ಲದಿಂದ ಸ್ಥಿರವಾದ ನೀಲಿಗಪ್ಪು ಪದರವಾಗಿ ಮಾರ್ಪಡಿಸುವ ವಿಧಾನದತ್ತ ಹೊರಳಿದರು. ಉಕ್ಕಿನ ಮೂಸೆಗೆ ಇಂಗಾಲ ಕೊಟ್ಟ ತಂಗಡಿ ಗಿಡದ ತೊಗಟೆಯೂ ಇದೇ ಬಗೆಯ ಟ್ಯಾನಿನ್ನಿನಿಂದ ತುಂಬಿದ್ದು, ಮದರಾಸಿನ ಚರ್ಮ ಹದಮಾಡುವ ಉದ್ಯಮ ಬಹುಕಾಲ ಅದನ್ನೇ ನಂಬಿತ್ತು.

ಉಜ್ಜುವ ಸಾಮಗ್ರಿಯ ಮಟ್ಟಿಗೆ ಮದರಾಸಿನ ಹೆಸರು ಸ್ವಾತಂತ್ರ್ಯದ ನಂತರ ಹೊಸ ರೂಪದಲ್ಲಿ ಮುಂದುವರಿಯಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ಕೃತಕವಾಗಿ ತಯಾರಿಸಿದ ಮೇಲೆ ಗಣಿಯ ಕುರಂದದ ಬೇಡಿಕೆ ಕುಸಿದಿತ್ತು. 1954ರಲ್ಲಿ ಮುರುಗಪ್ಪ ಸಮೂಹ ಅಮೆರಿಕ ಮತ್ತು ಬ್ರಿಟನ್ನಿನ ಎರಡು ಕಂಪನಿಗಳ ಸಹಯೋಗದಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಎಂಬ ಉದ್ಯಮವನ್ನು ಸ್ಥಾಪಿಸಿತು. ಎಮರಿ ಕಾಗದ, ಸಾಣೆಗಾಲಿಗಳು ಕಾರ್ಖಾನೆಯಲ್ಲಿ ನಿಖರವಾದ ಅಳತೆಯ ಪುಡಿಯಿಂದ ತಯಾರಾಗಿ, ಹಳೆಯ ಸಾಣೆಯವನು ಬೆರಳ ತುದಿಯಿಂದ ಅಂದಾಜು ಮಾಡುತ್ತಿದ್ದ ದಪ್ಪ ಸಣ್ಣಗಳು 120, 220, 400, 600 ಎಂಬ ಸಂಖ್ಯೆಗಳಾದವು. ಇಂದಿನ ಚಾಕುಗಳ ಮೇಲೆ ಬರುವ ಕಪ್ಪು ಎಪಾಕ್ಸಿ ಲೇಪ, ಫಾಸ್ಫೇಟ್ ಪದರ, ನಿರ್ವಾತ ಕೋಣೆಯಲ್ಲಿ ಆವಿಯಾಗಿ ಕೂರಿಸುವ ಟೈಟಾನಿಯಂ ಸಂಯುಕ್ತದ ಲೇಪ ಇವೆಲ್ಲ ಇದೇ ಸಂಖ್ಯೆಗಳ ಕ್ರಮದಲ್ಲಿ ಕಳಚುತ್ತವೆ. ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ, ನೀರು ಅಥವಾ ಎಣ್ಣೆ ತಗುಲಿಸುತ್ತ ಕಾವು ಏರದಂತೆ ನೋಡಿಕೊಂಡರೆ ಹದ ಕೆಡದೆ ಮಂದ ಮೆರುಗು ಮೂಡುತ್ತದೆ. ಆದರೆ ಲೇಪ ಹೋದ ಇಂಗಾಲದ ಉಕ್ಕು ರಕ್ಷಣೆ ಕಳೆದುಕೊಂಡಿರುತ್ತದೆ, ಚೆನ್ನೈನಂಥ ಕಡಲೂರಿನಲ್ಲಿ ಒರೆಸಿ ಎಣ್ಣೆ ಹಚ್ಚುವ ಹೊಣೆ ಅಂದಿನಿಂದ ಒಡೆಯನ ಪಾಲಾಗುತ್ತದೆ.

ಕಾರ್ಖಾನೆಯಿಂದ ಸಾವಿರಗಟ್ಟಲೆ ಒಂದೇ ಬಗೆಯಾಗಿ ಹೊರಬಂದ ಚಾಕುವಿನ ಲೇಪವನ್ನು ತೆಗೆಯುವುದು ಒಡೆಯನ ಇಷ್ಟಕ್ಕೆ ಬಿಟ್ಟದ್ದು; ಕೈಯಿಂದ ಒಂದೊಂದಾಗಿ ಹುಟ್ಟಿದ ಹಳೆಯ ಅಲಗಿಗೆ ಆ ಸ್ವಾತಂತ್ರ್ಯವನ್ನು ವಿಸ್ತರಿಸಲಾಗದು. ಇಂಥ ಹಳೆಯ ಅಲಗುಗಳು ಮನೆಗಳಲ್ಲಿ ಇನ್ನೂ ಇವೆ. 1857ರ ನಂತರದ ನಿಶ್ಶಸ್ತ್ರೀಕರಣ ಕಾಯಿದೆಯಿಂದ ಕೊಡವರಿಗೆ 1861ರಲ್ಲಿ ವಿನಾಯಿತಿ ದೊರೆತದ್ದರಿಂದ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಒಡಿಕತ್ತಿ, ಪೀಚೆಕತ್ತಿಗಳು ಇಂದಿಗೂ ಉಳಿದಿವೆ. ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಆಯುಧಪೂಜೆಯ ದಿನ ಮನೆಯ ಹಳೆಯ ಕತ್ತಿಗಳು ಹೊರಬಂದು ತೊಳೆಸಿಕೊಂಡು, ಉಜ್ಜಿಸಿಕೊಂಡು, ಗಂಧ ಕುಂಕುಮ ಧರಿಸುತ್ತವೆ. ಭಕ್ತಿಯಿಂದ ನಡೆಯುವ ಆ ಉಜ್ಜುವಿಕೆಯಲ್ಲಿ ಪ್ರತಿ ವರ್ಷವೂ ಒಂದಿಷ್ಟು ಮುದ್ರೆ, ಒಂದಿಷ್ಟು ಅಲೆ, ಒಂದಿಷ್ಟು ಚಿನ್ನ ಸವೆಯುತ್ತಿದೆ. ಮೆತ್ತನೆಯ ಬಟ್ಟೆ, ತೆಳುವಾದ ಎಣ್ಣೆ, ತುಕ್ಕಿನ ಚುಕ್ಕೆಗೆ ಮೊನಚಿಲ್ಲದ ಬಿದಿರುಕಡ್ಡಿ, ಪೂಜೆ ಮುಗಿದ ಸಂಜೆಯೇ ಕುಂಕುಮವನ್ನು ಒರೆಸಿ ಒಣಗಿಸುವ ಎಚ್ಚರ, ಇಷ್ಟಿದ್ದರೆ ಪೂಜೆಯೂ ನಡೆಯುತ್ತದೆ, ಅಲಗೂ ಉಳಿಯುತ್ತದೆ. ತಂಜಾವೂರಿನ ಆಯುಧಶಾಲೆಯನ್ನು ಮುರಿದವರು ಪರಕೀಯರೆಂದು ದೂರಬಹುದು. ಮನೆಗಳಲ್ಲಿ ಉಳಿದಿರುವ ಅಲಗುಗಳ ಮೈ ಎಮರಿ ಕಾಗದದಡಿ ಅಳಿದರೆ ಅದಕ್ಕೆ ಈ ನೆಲದವರೇ ಹೊಣೆ. ಏನನ್ನಾದರೂ ತೆಗೆಯುವ ಮೊದಲು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಚಿತ್ರ ತೆಗೆದು ದಾಖಲಿಸಿ, ಸಂದೇಹವಿದ್ದರೆ ವಸ್ತುಸಂಗ್ರಹಾಲಯದ ಸಂರಕ್ಷಕರನ್ನು ಕೇಳಿ ಮುಂದುವರಿಯುವುದು ಪ್ರತಿ ಮನೆಯ ಪದ್ಧತಿಯಾಗಬೇಕು, ಏಕೆಂದರೆ ಬರೆದಿಟ್ಟ ದಾಖಲೆಗಳಿಲ್ಲದ ದಕ್ಷಿಣದ ಕಮ್ಮಾರರ ಮತ್ತು ಸಾಣೆಯವರ ಚರಿತ್ರೆಗೆ ಅವರು ಮಾಡಿದ ಅಲಗಿನ ಮೈಯೇ ಮುಖ್ಯ ಆಕರ.